ಕಟ್ಟಿನಲ್ಲಿ ಅಡಗಿದ ಕಳ್ಳಗಿಡ

ವಸಂತದ ಮೊದಲ ದಿನ ಬೆಳಗಾಗುತ್ತಲೇ ಜುರ್ಜುರಾ ಬೆಟ್ಟದ ತಪ್ಪಲಿನ ಆ ಹಳ್ಳಿಯ ಹೆಂಗಸರೆಲ್ಲ ಕಾಡಿಗೆ ಹೊರಟರು. ಎಲ್ಲರಿಗಿಂತ ಮುಂದೆ ಫೆರೂಜ, ಅವಳ ಬೆನ್ನಿಗೆ ಹೊಸ ಸೊಸೆ ತಾಕ್ಲಿತ್.

ಊರಿನ ಪದ್ಧತಿ ಹೀಗಿತ್ತು. ಹೊಸ ಸೊಸೆ ಕಾಡುಶತಾವರಿಯ ಕುಡಿಗಳನ್ನೂ ತಿನ್ನಲು ಬರುವ ಬಳ್ಳಿಗಳ ಚಿಗುರನ್ನೂ ಕೊಯ್ದು ತರಬೇಕು, ಅತ್ತೆ ಅದನ್ನು ಜೇನುಹೂವಿನ ಬಳ್ಳಿಯಿಂದ ಕಟ್ಟಬೇಕು, ನೆರೆಯವಳೊಬ್ಬಳು ಯಾರ ಕಣ್ಣಿಗೂ ಬೀಳದಂತೆ ಸಲ್ಲದ ಗಿಡವೊಂದನ್ನು ಅದರಲ್ಲಿ ಸೇರಿಸಬೇಕು. ಹಂಡೆಯ ನೀರು ಕುದಿಯುವುದರೊಳಗೆ ಆ ಕಳ್ಳಗಿಡವನ್ನು ಹಿಡಿದರೆ ಅಂದಿನ ಗೋಧಿರವೆಯ ಕುಸ್ಕುಸ್ ಬಡಿಸುವ ಸೌಟು ಸೊಸೆಯದು. ಹಿಡಿಯದಿದ್ದರೆ ಮರುವರ್ಷದವರೆಗೂ ನೀರಿಗೆ ಹೋದಲ್ಲಿ ಬಂದಲ್ಲಿ ಅವಳಿಗೂ ಅವಳ ಅತ್ತೆಗೂ ಗೇಲಿ ತಪ್ಪಿದ್ದಲ್ಲ. ಕಳೆದ ವರ್ಷ ಗೆದ್ದವಳು ಪಕ್ಕದ ಮನೆಯ ಷಬ್ಹಾಳ ಸೊಸೆ. ಆ ಗೆಲುವನ್ನು ಷಬ್ಹಾ ಇಂದಿಗೂ ಆರಲು ಬಿಟ್ಟಿರಲಿಲ್ಲ. ಈ ಸಲ ಬಚ್ಚಿಡುವ ಸರದಿಯೂ ಅವಳದೇ ಆಗಿತ್ತು.

ಫೆರೂಜಳ ಆತಂಕ ಸುಮ್ಮನೆ ಅಲ್ಲ. ಬಂದರಿನ ಪೇಟೆಯಲ್ಲಿ ಬೆಳೆದ ತಾಕ್ಲಿತ್‌ಗೆ ಗಿಡಗಳ ಹೆಸರೇ ನಾಲಿಗೆಗೆ ಹತ್ತುತ್ತಿರಲಿಲ್ಲ.

"ಇದ್ಯಾವ್ದು ಹೇಳು ಮಗಳೆ?" ಎಂದು ಫೆರೂಜ ಒಂದು ಬಳ್ಳಿಯನ್ನು ತೋರಿಸಿದಳು.

"ಅದು ಮೈಯೆಲ್ಲಾ ಸುತ್ಕೊಂಡು ಹತ್ತೋಳು, ಅತ್ತೆ."

"ಹೆಸರು ಕೇಳಿದ್ರೆ ಚಾಡಿ ಹೇಳ್ತೀಯಲ್ಲೇ! ಜೇನುಹೂವಿನ ಬಳ್ಳಿ ಅದು."

ಹಿಂದಿನಿಂದ ಷಬ್ಹಾ ಕಿಸಕ್ಕನೆ ನಕ್ಕಳು. "ಬಿಡು ಫೆರೂಜಕ್ಕ, ಗಿಡಗಳಿಗೆಲ್ಲ ನಿನ್ನ ಸೊಸೆ ಹೊಸದಾಗಿ ನಾಮಕರಣ ಮಾಡ್ತಾಳೆ."

ಫೆರೂಜ ಬೇರೊಂದು ಯೋಚನೆ ಮಾಡಿದಳು. ಕೊಯ್ದದ್ದನ್ನು ಕಟ್ಟುವಾಗ, ಹುಟ್ಟುಕುರುಡಿಯೂ ಮೂಸಿ ಹಿಡಿಯಬಹುದಾದ ಘಾಟಿನ ಮಸ್ತಕಿ ಗಿಡದ ರೆಂಬೆಯೊಂದನ್ನು ತಾನೇ ನಡುವೆ ತುರುಕಿದಳು. ಸೊಸೆ ಅದನ್ನು ಎತ್ತಿ ಹಿಡಿದು, ಹೆಂಗಸರೆಲ್ಲ ಒಮ್ಮೆ ನಾಲಿಗೆ ಆಡಿಸಿ ಸಂಭ್ರಮದ ಉಲಿ ಎಬ್ಬಿಸಿಬಿಟ್ಟರೆ, ಆ ಗದ್ದಲದಲ್ಲಿ ಷಬ್ಹಾಳ ತಕರಾರು ಯಾರ ಕಿವಿಗೆ ಬಿದ್ದೀತು? ಮೋಸ ನಿಜ, ಆದರೆ ಮನೆಯ ಮಾನದ ಪ್ರಶ್ನೆ. ಷಬ್ಹಾ ಬಗ್ಗಿ ನೀಡಿದ ಬಳ್ಳಿಯಿಂದಲೇ ಅವಳು ಕಟ್ಟನ್ನು ಬಿಗಿದಳು.

ಅಂಗಳದಲ್ಲಿ ಹಂಡೆ ಸದ್ದು ಮಾಡತೊಡಗಿತು. ಬಳ್ಳಿಯ ಸಮೇತ ಇಡೀ ಕಟ್ಟು ಆವಿಗೆ ಹೋಗಬೇಕಾದ್ದರಿಂದ ತಾಕ್ಲಿತ್ ಅದನ್ನು ಬಿಚ್ಚದೆಯೇ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಕುಡಿಯನ್ನು ಸರಿಸಿ ನೋಡಿದಳು. ಮಸ್ತಕಿಯ ರೆಂಬೆ ಹೊರಬಂತು.

"ಸಿಕ್ತು, ಸಿಕ್ತು!" ಎಂದು ಫೆರೂಜ ಕೂಗಿದಳು.

"ತಾಳಿ ಅತ್ತೆ, ಇನ್ನೂ ಇದೆ" ಎಂದ ತಾಕ್ಲಿತ್ ಕಾಡು ಆಲಿವ್‌ನ ಕಡ್ಡಿಯೊಂದನ್ನು ಎಳೆದಳು. ಫೆರೂಜಳ ನಾದಿನಿ ಸಾದಿಯಾ ಸೆರಗಿನಲ್ಲಿ ಮುಖ ಮರೆಸಿಕೊಂಡಳು. ಅದರ ಹಿಂದೆಯೇ ಕಣಗಿಲೆಯ ಹೂವೊಂದು ಉದುರಿತು. ಮೂಲೆಯಲ್ಲಿದ್ದ ಮುದುಕಿ ವರ್ದಿಯಾ ಆಕಾಶ ನೋಡತೊಡಗಿದಳು.

"ಥೂ ನಿಮ್ಮ!" ಎಂದು ಷಬ್ಹಾ ಸೊಂಟದ ಮೇಲೆ ಕೈಯಿಟ್ಟಳು. "ಊರೆಲ್ಲಾ ಸೇರಿ ಇವಳಿಗೆ ಕಳ್ಳಗಿಡ ಇಟ್ಟಿದ್ದೀರಾ? ಅದೂ ವರ್ದಿಯಮ್ಮ, ಊಟದ ಕಟ್ಟಿಗೆ ಕಣಗಿಲೆಯೇ?"

"ಕೆಂಪಗಿದೆ, ಬೇಗ ಕಾಣ್ಲಿ ಅಂತ..." ಎಂದು ಮುದುಕಿ ಗೊಣಗಿದಳು.

ನಗು ಅಂಗಳ ತುಂಬಿತು. ಷಬ್ಹಾ ಮಾತ್ರ ಬೆರಳೆತ್ತಿದಳು. "ನನ್ನದು ಇನ್ನೂ ಸಿಕ್ಕಿಲ್ಲ. ನೀರು ಇನ್ನೇನು ಕುದಿಯುತ್ತೆ, ಮುದ್ದು ಸೊಸೆ."

ಫೆರೂಜಳ ನಗು ಆರಿತು. ಕಳವಳದಿಂದ ಅಂಗೈಯನ್ನು ಪರಪರ ಕೆರೆದುಕೊಂಡಳು. ಕಟ್ಟಿನಲ್ಲಿ ಉಳಿದ ಒಂದೊಂದು ಕುಡಿಯನ್ನೂ ಅವಳ ಕಣ್ಣು ಶೋಧಿಸಿತು, ಎಲ್ಲವೂ ಸರಿಯಾಗಿದ್ದವು. ತನಗೇ ಕಾಣದ್ದು ಈ ಹುಡುಗಿಗೆ ಕಂಡೀತೆ?

ತಾಕ್ಲಿತ್ ಒಳಗೆ ನೋಡುವುದನ್ನು ಬಿಟ್ಟಳು. ಕಟ್ಟಿದ ಬಳ್ಳಿಯಲ್ಲಿ ಉಳಿದಿದ್ದ ಒಂಟಿ ಎಲೆಯನ್ನು ಬೆರಳಲ್ಲಿ ಮೆಲ್ಲನೆ ತಿರುಗಿಸಿದಳು.

"ಅತ್ತೆ, ಜೇನುಹೂವಿನೋಳು ಮೈಯೆಲ್ಲಾ ಸುತ್ತಿ ಹತ್ತೋಳು. ಇವಳು ಹಾಗಲ್ಲ, ನೋಡಿ. ಎಲೆಯ ತೊಟ್ಟನ್ನೇ ಕೈ ಮಾಡ್ಕೊಂಡು ಹಿಡೀತಾಳೆ. ಇವಳೇ ಕಳ್ಳಿ."

"ಹೆಸರು?" ಎಂದಳು ಷಬ್ಹಾ.

"ಗೊತ್ತಿಲ್ಲ, ಚಿಕ್ಕಮ್ಮ."

"ಹಿಡೀಬೇಕು ಅಂತ ಇರೋದು, ಹೆಸರಿಡಬೇಕು ಅಂತಲ್ಲ!" ಎಂದು ಫೆರೂಜ ಎದ್ದು ನಿಂತಳು. ನಿಂತವಳು ಹಾಗೆಯೇ ತನ್ನ ಅಂಗೈ ನೋಡಿಕೊಂಡಳು. ಅದು ಕೆಂಪಗೆ ಕಂದಿತ್ತು. ಕಟ್ಟಿಗೆ ಬಿಗಿದದ್ದು ಅಝೆಂಝು, ಹಸಿಯದನ್ನು ಮುಟ್ಟಿದರೆ ಚರ್ಮ ಸುಡುವ ಬಳ್ಳಿ! ಹುಟ್ಟಿದಾರಭ್ಯ ಈ ಕಾಡಿನಲ್ಲಿ ತಿರುಗಿದ ಅವಳು ಅದನ್ನು ಸ್ವಂತ ಕೈಯಿಂದ ಗಂಟು ಹಾಕಿದ್ದಳು.

"ಅಯ್ಯೋ ಷಬ್ಹಾ, ನಿನ್ನ ಕೈ ಸೇದಿಹೋಗ! ನನ್ನ ಕೈಯಲ್ಲೇ ಕಟ್ಟಿಸಿದೆಯಲ್ಲೇ!"

"ನೀನು ನೋಡ್ಲಿಲ್ಲ, ನಾನು ಹೇಳ್ಲಿಲ್ಲ" ಎಂದು ಷಬ್ಹಾ ನೆಲಕ್ಕೆ ಕುಸಿದು ನಗತೊಡಗಿದಳು. ಹೆಂಗಸರ ಉಲಿ ಎದುರು ಬೆಟ್ಟಕ್ಕೆ ಮುಟ್ಟಿತು.

ಮಧ್ಯಾಹ್ನ ಸೌಟು ಹಿಡಿದು ನಿಂತ ತಾಕ್ಲಿತ್‌ಳ ಮುಂದೆ ಇಡೀ ಕೇರಿ ತಟ್ಟೆ ಹಿಡಿದು ಸಾಲುಗಟ್ಟಿತು. ಬಲ ಅಂಗೈಗೆ ಎಣ್ಣೆ ಸವರಿಕೊಂಡ ಫೆರೂಜ ಎಡಗೈಯಲ್ಲಿ ತಟ್ಟೆ ಹಿಡಿದಿದ್ದಳು.

"ಏನೇ ಹೇಳು, ಇವತ್ತು ನೀನು ಸೋತೆ ಕಣಕ್ಕ" ಎಂದು ಷಬ್ಹಾ ಚುಚ್ಚಿದಳು.

"ಸೋತೆ ಕಣೆ" ಎಂದು ಫೆರೂಜ ಸೊಸೆಯತ್ತ ತಟ್ಟೆ ಚಾಚುತ್ತ ಕೇರಿಗೆಲ್ಲ ಕೇಳುವಂತೆ ಹೇಳಿದಳು. "ಯಾರ ಕೈಲಿ ಸೋತೆ ಅಂತ ಕೇಳು. ಹೂಂ, ಕೇಳೇ!"