ತುಟಿಗೆ ತುಂಬಿದ ಮಾತು

ಮುಂಬಯಿ ಕಾಂದಿವಲಿಯ ಆ ವಠಾರದಲ್ಲಿ, ಅಲ್ಲಿಯವರು ಚಾಳು ಎನ್ನುವುದರಲ್ಲಿ, ಬೆಳಗಿನ ಏಳು ಗಂಟೆಗೆ ಎರಡು ಸದ್ದು ತಪ್ಪುತ್ತಿರಲಿಲ್ಲ. ಒಂದು, ನಲ್ಲಿಯ ಮುಂದಿನ ಜಗಳ. ಇನ್ನೊಂದು, ದಾನವ್ವ ಜೋಳದ ರೊಟ್ಟಿ ಬಡಿಯುವ ಸದ್ದು. ವಿಜಯಪುರದ ಕಡೆಯಿಂದ ಗಂಡನ ಹಿಂದೆ ಮುಂಬಯಿಗೆ ಬಂದವಳು, ಗಂಡ ತೀರಿಕೊಂಡ ಮೇಲೆ ಮನೆಮನೆಗೆ ರೊಟ್ಟಿ ಕೊಟ್ಟೇ ಮಗಳು ರೂಪಾಲಿಯನ್ನು ಬಿ.ಕಾಂ. ಓದಿಸಿದ್ದಳು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳೆಂದರೆ ಐವತ್ತು ರೊಟ್ಟಿ ಆಗುವ ತನಕ ಏಳುತ್ತಿರಲಿಲ್ಲ.

ಆ ಐವತ್ತರಲ್ಲಿ ಮೊದಲ ಎರಡು ಪಕ್ಕದ ಖೋಲಿಯ ಶೇಖರನಿಗೆ. ಧಾರವಾಡದ ಶೇಖರ ನಟನಾಗುತ್ತೇನೆಂದು ಇಪ್ಪತ್ತು ವರ್ಷಗಳ ಹಿಂದೆ ಇಲ್ಲಿಗೆ ಬಂದಿದ್ದ. ಅವನ ಮುಖ ಯಾರಿಗೂ ಬೇಕಾಗಲಿಲ್ಲ, ದನಿ ಬೇಕಾಯಿತು. ಹಿಂದಿ ಧಾರಾವಾಹಿಗಳು ಕನ್ನಡಕ್ಕೆ ಬರುವಾಗ ಅಲ್ಲಿಯ ನಟರ ತುಟಿ ಅಲುಗಿದಂತೆ ಇಲ್ಲಿ ಮಾತು ಹೊಂದಿಸುವ ಕೆಲಸ. ಬಂದ ಮೊದಲ ವರ್ಷ ಟೈಫಾಯ್ಡ್ ಬಂದು ಮಲಗಿದಾಗ ಗಂಜಿ ಕುಡಿಸಿ ಬದುಕಿಸಿದವಳು ದಾನವ್ವ. ಅಂದಿನಿಂದ ಅವಳು ಅವನಿಗೆ ಅವ್ವ.

ಎರಡು ವರ್ಷಗಳಿಂದ ಅವನು ಒಂದು ಧಾರಾವಾಹಿಯ ಡಾಕ್ಟರ್ ಅವಿನಾಶನ ದನಿ. ಬಿಳಿ ಕೋಟು, ಕೊರಳಲ್ಲಿ ಸ್ಟೆತಸ್ಕೋಪು, ಸಾಯುವವರನ್ನೆಲ್ಲ ಶುಕ್ರವಾರದ ಕಂತಿನೊಳಗೆ ಎಬ್ಬಿಸಿ ಕೂರಿಸುವ ಡಾಕ್ಟರು. ದಿನಾ ಸಂಜೆ ಏಳಕ್ಕೆ ದಾನವ್ವ ಟೀವಿಯ ಮುಂದೆ ಹಾಜರು.

"ಅಂವ ಬಾಯಿ ಆಡಸ್ತಾನ, ನೀ ಮಾತಾಡ್ತಿ," ಎಂದು ಅವಳು ನಗುತ್ತಿದ್ದಳು. "ಪುಕ್ಕಟೆ ಹೆಸರು ಅಂವಗ."

ಹಾಗಿರುವಾಗ ಆ ಹಿಂದಿ ನಟ ಅದೇ ಕೋಟಿನಲ್ಲಿ ಒಂದು ಜಾಹೀರಾತಿಗೆ ಇಳಿದ. ಸಕ್ಕರೆ ಕಾಯಿಲೆಯನ್ನು ಬುಡದಿಂದ ಕೀಳುವ ಪುಡಿಯಂತೆ. ಮುಖ ಅದೇ ಎಂದಮೇಲೆ ಕನ್ನಡದ ದನಿಯೂ ಅದೇ ಇರಬೇಕಲ್ಲ? ಶೇಖರನನ್ನು ಅಂಧೇರಿಯ ಸ್ಟುಡಿಯೋಗೆ ಕರೆಸಿದರು.

ಹಿಂದಿಯ ಕೊನೆಯ ವಾಕ್ಯ ಉದ್ದವಿತ್ತು. ಕನ್ನಡದಲ್ಲಿ "ಇನ್ನು ಗುಳಿಗೆ ಸಾಕು" ಎಂದರೆ ಮುಗಿಯಿತು. ಆದರೆ ಪರದೆಯ ಮೇಲೆ ನಟನ ತುಟಿ ಇನ್ನೂ ಅಲುಗುತ್ತಿತ್ತು.

"ಎರಡು ಅಕ್ಷರ ಕಮ್ಮಿ ಬೀಳ್ತಿದೆ ಶೇಖರಣ್ಣ," ಎಂದಳು ಗಾಜಿನಾಚೆ ಕೂತಿದ್ದ ಮಾಧುರಿ. ಕನ್ನಡ ಡಬ್ಬಿಂಗ್ ನೋಡಿಕೊಳ್ಳುವವಳು ಅವಳೇ. "ಏನಾದ್ರೂ ತುಂಬಿ."

ಶೇಖರ ಅರೆಕ್ಷಣ ಯೋಚಿಸಿದ. ದಿನಾ ಬೆಳಿಗ್ಗೆ ರೊಟ್ಟಿ ಇಸಿದುಕೊಳ್ಳುವಾಗ ಆಡುವ ದನಿಯಲ್ಲೇ ಹೇಳಿದ: "ಇನ್ನು ಗುಳಿಗೆ ಸಾಕು, ಅವ್ವಾ."

ತುಟಿಗೆ ಸರಿಯಾಗಿ ಕೂತಿತು. "ಕ್ಯಾ ಬಾತ್ ಹೈ, ಮನೆಮಗನೇ ಹೇಳಿದ ಹಾಗಿದೆ," ಎಂದಳು ಮಾಧುರಿ. ಶೇಖರ ಆ ದಿನ ಲೋಕಲ್ ರೈಲಿನಲ್ಲಿ ನಿಂತೇ ಬಂದರೂ ಖುಷಿಯಲ್ಲಿ ಬಂದ.

ಜಾಹೀರಾತು ಬರತೊಡಗಿದ ಎರಡನೆಯ ವಾರ, ಸಕ್ಕರೆ ಕಾಯಿಲೆಗೆ ವರ್ಷಗಳಿಂದ ಗುಳಿಗೆ ನುಂಗುತ್ತಿದ್ದ ದಾನವ್ವ ರೊಟ್ಟಿ ಕೊಡುತ್ತ ಅಂದಳು, "ನಿನ್ನ ಪುಡಿ ತರ್ಸೀನೋ. ಇವತ್ತಿಂದ ಗುಳಿಗಿ ಬಂದ್."

ಶೇಖರ ಒಂದು ಕಾಲನ್ನು ಆಗಲೇ ಚಪ್ಪಲಿಯೊಳಗೆ ತೂರಿಸಿದ್ದ. ಲೋಕಲ್ ತಪ್ಪುವುದರಲ್ಲಿತ್ತು. ಅವಳ ಎಂದಿನ ಚೇಷ್ಟೆ ಎಂದುಕೊಂಡ. "ಬಿಡು ಬಿಡು. ಡಾಕ್ಟರ್ ಹೇಳ್ಯಾನಲ್ಲ, ಮತ್ತೇನ," ಎಂದು ನಕ್ಕು ಮೆಟ್ಟಿಲಿಳಿದ.

ಅಷ್ಟೇ ಆದದ್ದು. ಒಂದು ನಿಮಿಷ ನಿಂತು ಕೇಳಿದ್ದರೆ ಸಾಕಿತ್ತು, ಅವನು ನಿಲ್ಲಲಿಲ್ಲ.

ನಾಲ್ಕನೆಯ ತಿಂಗಳು ಹೊಸ ಚಪ್ಪಲಿ ಕಚ್ಚಿ ದಾನವ್ವನ ಹಿಮ್ಮಡಿಗೆ ಗಾಯವಾಯಿತು. ಅರಿಶಿನ ಹಚ್ಚಿದಳು, ಪುಡಿ ಇನ್ನೊಂದು ಚಮಚ ಹೆಚ್ಚು ತಿಂದಳು, ಸೀರೆಯ ನಿರಿಗೆ ಇಳಿಬಿಟ್ಟು ರೊಟ್ಟಿ ಬಡಿಯುತ್ತಲೇ ಇದ್ದಳು. ಪಾದ ಕಪ್ಪಾಗಿ ವಾಸನೆ ಬಂದ ಮೇಲೆ ರೂಪಾಲಿ ಕಂಡಳು. ಆಸ್ಪತ್ರೆಯಲ್ಲಿ ಡಾಕ್ಟರು, ಅಂದರೆ ನಿಜವಾದ ಡಾಕ್ಟರು, ಹೆಚ್ಚು ಮಾತಾಡಲಿಲ್ಲ. ಮರುದಿನವೇ ಮೊಣಕಾಲಿನ ಕೆಳಗೆ ಬಲಗಾಲು ತೆಗೆದರು.

ವಾರ್ಡಿನ ಹೊರಗೆ ರೂಪಾಲಿ ಶೇಖರನ ದಾರಿಗೆ ಅಡ್ಡ ನಿಂತಳು. ಅವಳ ಮರಾಠಿ, ಹಿಂದಿ ಬೆರೆತ ಕನ್ನಡ ಯಾವಾಗಲೂ ಅರ್ಧಕ್ಕೆ ನಿಲ್ಲುತ್ತಿತ್ತು, ಅಂದು ನಿಲ್ಲಲಿಲ್ಲ.

"ಶೇಖರ ಮಾಮಾ, ಆಯಿ ಗೋಲಿ ಬಂದ್ ಮಾಡಿದ್ದು ನಿಮ್ಮ ಆವಾಜ್ ಕೇಳಿ. ನಾನು ಕಿತನಾ ಬಾರ್ ಹೇಳಿದೆ, ಅದು ಆ್ಯಡ್ ಇದೆ, ಸಬ್ ಝೂಟ್. ಕೇಳಲಿಲ್ಲ. ನಿಮಗೆ ಗೊತ್ತಿತ್ತಲ್ಲ, ಝೂಟ್ ಅಂತ?"

ಗೊತ್ತಿತ್ತೇ? ಗೊತ್ತಿರಲಿಲ್ಲ ಎನ್ನುವಂತಿರಲಿಲ್ಲ. ಕೇಳುವ ಗೋಜಿಗೇ ಹೋಗಿರಲಿಲ್ಲ ಎನ್ನುವುದು ಖರೆ.

ಮೂರು ದಿನದ ಮೇಲೆ ದಾನವ್ವ ಮಾತಾಡುವಷ್ಟಾದಳು. ಶೇಖರ ಮಂಚದ ಬದಿಗೆ ಕೂತ. ಹೊದಿಕೆಯ ಕೆಳಗೆ ಒಂದು ಕಡೆ ತಗ್ಗಿತ್ತು. ಆ ಕಡೆ ನೋಡದಿರಲು ಎಷ್ಟು ಪ್ರಯತ್ನಿಸಿದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

"ಅವ್ವಾ, ಆ ಡಾಕ್ಟರ್ ಖರೇ ಡಾಕ್ಟರ್ ಅಲ್ಲ. ನಿನಗ ಗೊತ್ತಿತ್ತಲ್ಲ..."

"ಗೊತ್ತಿತ್ತೋ. ನಾ ಏನು ಹುಚ್ಚಿಯೇನು? ಆ ಕೋಟಿನಾಂವನ್ನ ನಂಬಲಿಲ್ಲ ನಾ." ಅವಳು ಉಸಿರು ತೆಗೆದುಕೊಂಡಳು. "ಕಡೀಕ ಅವ್ವಾ ಅಂದಿ ನೋಡು, ಅದನ್ನ ನಂಬಿದೆ. ಟೀವ್ಯಾಗ ಊರ ಮಂದಿ ಮುಂದ ನನ್ನ ಕರದು ಹೇಳ್ಯಾನ ನನ್ನ ಮಗ ಅಂತ ತಿಳಕೊಂಡೆ."

ಶೇಖರನಿಗೆ ಸುಳ್ಳು ಹೇಳಿ ಪಾರಾಗುವುದು ಸುಲಭವಿತ್ತು. ಹೇಳಲಿಲ್ಲ.

"ನಿನ್ನ ಕರದದ್ದಲ್ಲವ್ವಾ. ಅಂವನ ತುಟಿ ಇನ್ನೂ ಆಡ್ತಿತ್ತು. ಎರಡು ಅಕ್ಷರ ಬೇಕಾಗಿತ್ತು. ತುಂಬಿದೆ."

ದಾನವ್ವ ಹೊದಿಕೆಯನ್ನು ಎದೆಯ ತನಕ ಎಳೆದುಕೊಂಡಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. "ಹೌದೇನು," ಎಂದಳು, ಅಷ್ಟೇ. ಕಾಲು ಹೋದದ್ದಕ್ಕೆ ಅಳದವಳ ಕಣ್ಣು ಆಗ ತುಂಬಿ ಬಂತು.

ಮುಂದಿನ ವಾರ ಮಾಧುರಿ ಫೋನ್ ಮಾಡಿ ಕರೆಸಿದಳು. ಅದೇ ನಟ, ಅದೇ ಕೋಟು, ಈ ಸಲ ಮಂಡಿನೋವಿನ ಎಣ್ಣೆ. ಶೇಖರ ಹಾಳೆಯನ್ನು ಓದಿ ಮೇಜಿನ ಮೇಲಿಟ್ಟ. ನಡೆದದ್ದನ್ನೆಲ್ಲ ಹೇಳಿದ.

ಮಾಧುರಿ ಕಲ್ಲುಮನಸ್ಸಿನವಳಲ್ಲ. ಅವಳ ಮುಖ ಬಾಡಿತು. "ನಂಗೂ ಬೇಜಾರಾಗುತ್ತೆ ಶೇಖರಣ್ಣ. ಆದ್ರೆ ಅದನ್ನ ಬರೆದವರು ನಾವಲ್ಲ, ಮಾರೋರು ನಾವಲ್ಲ. ನಾವು ಬರೀ ಭಾಷೆ ಬದಲಿಸ್ತೀವಿ. ಕೆಳಗಡೆ ಸಣ್ಣಕ್ಷರದಲ್ಲಿ ಡಾಕ್ಟರನ್ನ ಕೇಳಿ ಅಂತ ಹಾಕಿರ್ತಾರಲ್ಲ?"

"ದಾನವ್ವಗ ಓದಾಕ ಬರೂದಿಲ್ಲ, ಮೇಡಂ. ಮತ್ತ ಅವ್ವಾ ಅನ್ನೂದನ್ನ ಯಾರೂ ಬರದಿರಲಿಲ್ಲ. ಅದು ನಂದು."

"ನೀವು ಬಿಟ್ರೆ ಇನ್ನೊಬ್ಬರು ಬರ್ತಾರೆ. ಸೀರಿಯಲ್ಲೂ ಹೋಗುತ್ತೆ. ಒಂದೇ ಮುಖಕ್ಕೆ ಎರಡು ದನಿ ಇಡೋಕೆ ಅವರು ಒಪ್ಪಲ್ಲ."

"ಬರ್ಲಿ ಬಿಡ್ರಿ," ಎಂದ ಶೇಖರ. ಸಿಟ್ಟಿನಿಂದ ಹೇಳಲಿಲ್ಲ. ಹೆಡ್‌ಫೋನನ್ನು ಅದರ ಮೊಳೆಗೆ ತೂಗುಹಾಕಿ ಹೊರಬಂದ.

ಈಗ ಆ ಚಾಳಿನಲ್ಲಿ ರೊಟ್ಟಿಯ ಸದ್ದು ಏಳಕ್ಕೆ ಶುರುವಾಗುವುದಿಲ್ಲ, ಎಂಟಾಗುತ್ತದೆ. ಒಂದೇ ಸಮನಾಗಿಯೂ ಇರುವುದಿಲ್ಲ. ನೆಲದ ಮೇಲೆ ಕೂತು ಬಡಿಯುವವನು ಶೇಖರ, ಮಂಚದ ಮೇಲಿಂದ ಹೇಳಿಕೊಡುವವಳು ದಾನವ್ವ. "ಅಂಚು ಹರೀತು ನೋಡು. ನೀರು ಹಚ್ಚು," ಎನ್ನುತ್ತಾಳೆ. ಹದಿನೈದು ರೊಟ್ಟಿಗೇ ಅವನ ಸೊಂಟ ಹಿಡಿಯುತ್ತದೆ. ಮೊದಲ ಎರಡು ಈಗ ಅವಳಿಗೆ.

ಮೊನ್ನೆ ಬೆಳಿಗ್ಗೆ ಟೀವಿ ಹಚ್ಚಿದ್ದರು. ಬಿಳಿ ಕೋಟಿನವನು ಎಣ್ಣೆಯ ಶೀಶೆ ಹಿಡಿದು ಬಂದ. ಯಾರದೋ ಹೊಸ ದನಿ.

"ನಿನ್ನ ದನಿ ಅಲ್ಲ ಇದು," ಎಂದಳು ದಾನವ್ವ.

"ಅಲ್ಲವ್ವಾ."

ಅವಳೇ ರಿಮೋಟ್ ಹುಡುಕಿ ಟೀವಿ ಆರಿಸಿದಳು. ಶೇಖರ ಕೈ ತೊಳೆದು ಗುಳಿಗೆಯ ಡಬ್ಬಿ, ನೀರಿನ ಲೋಟ ತಂದ. ಅವಳು ಗುಳಿಗೆಗಳನ್ನು ಅಂಗೈಯಲ್ಲಿಟ್ಟುಕೊಂಡು ಅವನ ಮುಖ ನೋಡಿದಳು.

"ತಗೊಳ್ಳೇನು? ನೀ ಹೇಳು. ನೀ ಹೇಳಿದ್ರ ತಗೋತೀನಿ."

ಇಷ್ಟಾದ ಮೇಲೂ ಅವಳು ಕೇಳುವುದು ಅವನನ್ನೇ.

"ನಾ ಹೇಳೂದು ಬ್ಯಾಡವ್ವಾ. ದವಾಖಾನಿ ಚೀಟಿ ಐತಿ."

ಗೋಡೆಯ ಗೂಡಿನಿಂದ ಚೀಟಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಯಾವ ಗುಳಿಗೆ, ಎಷ್ಟು, ಊಟಕ್ಕೆ ಮೊದಲೋ ಆಮೇಲೋ, ಬೆರಳಿಟ್ಟು ಮೆಲ್ಲಗೆ ಓದಿದ. ಡಾಕ್ಟರ್ ಅವಿನಾಶನ ದನಿ ಹತ್ತಿರ ಸುಳಿಯಲು ಬಿಡಲಿಲ್ಲ. ಬರೆದದ್ದನ್ನು ಬರೆದ ಹಾಗೇ ಓದಿದ. ಒಂದಕ್ಷರವನ್ನೂ ತನ್ನದಾಗಿ ಸೇರಿಸಲಿಲ್ಲ.