ಮದ್ದಿನ ಮನೆಯ ಮುಂದಿನ ಮಾರಮ್ಮ

ಏಕಾಂತಮ್ಮ ಕಲ್ಲಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಒದ್ದೆ ತೆಂಗಿನ ನಾರನ್ನು ತಣ್ಣಗಿನ ಬೂದಿಗೆ ಅದ್ದಿ ಅದ್ದಿ ಉಜ್ಜುತ್ತಿದ್ದಳು. ಅರಿಸಿನ ಹೋಯಿತು, ಕುಂಕುಮ ನೀರಾಗಿ ಹರಿಯಿತು. ಕರ್ಪೂರದ ಮಸಿ ಮಾತ್ರ ಕಲ್ಲನ್ನು ಕಚ್ಚಿಕೊಂಡಿತ್ತು. ಅವಳ ಗಂಡ ಬೋರಯ್ಯ ಮದ್ದಿನ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ದಾರಿ ನೋಡುತ್ತಿದ್ದ. ಕಣಿವೆಯೊಳಕ್ಕೆ ಆಗಷ್ಟೇ ಬಿಸಿಲು ಇಳಿಯುತ್ತಿತ್ತು. ಕೆಲಸದ ಗಂಟೆ ಇನ್ನೂ ಹೊಡೆದಿರಲಿಲ್ಲ.

ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟೆ ಹಾಕಲು ತೊಡಗಿ ನಾಲ್ಕು ವರ್ಷವಾಗಿತ್ತು. ಬಂಡೆ ಸಿಡಿಸುವ ಮದ್ದನ್ನೆಲ್ಲ ಪೀಪಾಯಿಗಳಲ್ಲಿ ತುಂಬಿ ಈ ಒಂಟಿ ಕಲ್ಲುಮನೆಯಲ್ಲಿ ಇಟ್ಟಿದ್ದರು. ಬೋರಯ್ಯ ಅದರ ಹಗಲು ಕಾವಲುಗಾರ. ಎರಡು ವರ್ಷದ ಹಿಂದೆ ಬಂಡೆಯ ಕೆಲಸದಲ್ಲಿದ್ದಾಗ ಸಿಡಿತದ ಸದ್ದಿಗೆ ಅವನ ಒಂದು ಕಿವಿ ಹೋಗಿತ್ತು, ಎಡಗೈಯ ಎರಡು ಬೆರಳೂ ಹೋಗಿದ್ದವು. ಗುತ್ತಿಗೆದಾರ ಮನೆಗೆ ಹೋಗೆಂದಾಗ ಓವರ್ಸಿಯರ್ ಪಂಚಾಕ್ಷರಪ್ಪನವರು, "ಕಾವಲಿಗೆ ಕಣ್ಣು ಬೇಕಪ್ಪ, ಎರಡೂ ಕಿವಿ ತಗಂಡು ಏನ್ ಮಾಡ್ತಿ?" ಎಂದು ಕರೆದು ಈ ಕೆಲಸ ಕೊಟ್ಟಿದ್ದರು. ಅವತ್ತಿನಿಂದ ಏಕಾಂತಮ್ಮ ಬೆಳಗ್ಗೆ ಒಲೆ ಹಚ್ಚುವಾಗ ದೇವರ ಹೆಸರಿನ ಜತೆಗೆ ಅವರ ಹೆಸರನ್ನೂ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು. ಅವರ ಎದುರಿಗೆ ಮಾತ್ರ ಒಂದು ಮಾತೂ ಆಡಿದವಳಲ್ಲ.

ಮದ್ದಿನ ಮನೆಯ ಹತ್ತಿರ ಬೆಂಕಿ ತರಬಾರದೆಂದು ತಿಳಿಸಲು ಮೊದಲು ಇಂಗ್ಲಿಷಿನಲ್ಲಿ ಬರೆದ ಹಲಗೆ ಬಂತು. ಕೂಲಿಯವರು ಅದಕ್ಕೆ ಆಡು ಕಟ್ಟಿದರು. ಆಮೇಲೆ ಕನ್ನಡದ ಹಲಗೆ ಬಂತು. ಅದರ ಮೇಲೆ ಸೀರೆ ಒಣಹಾಕಿದರು. ಕೊನೆಗೆ ದೊಡ್ಡ ಎಂಜಿನಿಯರು ಸತ್ತವರ ತಲೆಬುರುಡೆ ಬರೆಸಿರೆಂದು ಹೇಳಿ, ಒಂದು ಕಾಗದದ ಮೇಲೆ ಗೀಚಿಯೂ ಕೊಟ್ಟರು. ಬರೆಯಲು ಹೊಸದುರ್ಗದ ಜಂಬಣ್ಣನನ್ನು ಕರೆಸಿದರು. ಅವನು ಗುಡಿಗಳ ಗೋಡೆಗೆ ಬಣ್ಣ ಹಾಕುವವನು. ಎದೆಯೆತ್ತರದ ಚಪ್ಪಡಿಗೆ ಕೆಂಪು ಬಳಿದು, ಅದರ ಮೇಲೆ ಬಿಳಿಯ ಮುಖ ಬರೆದು, ಸಾಲಾಗಿ ಹಲ್ಲು ಇಟ್ಟ. ಕಣ್ಣಿನ ಜಾಗಕ್ಕೆ ಬರೀ ತೂತು ಬರೆಯಲು ಅವನಿಗೆ ಕೈ ಬರಲಿಲ್ಲ. "ಕಣ್ಣಿಲ್ಲದ ಮಕ ಬರದ್ರೆ ನಮ್ಮ ವಂಶಕ್ಕೆ ಒಳ್ಳೇದಾಗಕಿಲ್ಲ" ಎಂದು ಎರಡು ದುಂಡನೆಯ ಕಣ್ಣು ಬರೆದು, ಗುಡ್ಡೆಯನ್ನೂ ಇಟ್ಟುಬಿಟ್ಟ.

ಕೆಂಪು ಮೈ, ಬಿಟ್ಟ ಕಣ್ಣು, ಕೋರೆಯಂಥ ಹಲ್ಲು. ಮಾರಿಯ ಹೆಸರಿನ ಕಣಿವೆಯಲ್ಲಿ ಅದು ಯಾರೆಂದು ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ. ಮೊದಲ ವಾರ ಯಾರೋ ಕುಂಕುಮ ಇಟ್ಟರು. ಎರಡನೆಯ ವಾರ ಹೂವು ಬಂತು. ನಿನ್ನೆ ಮಂಗಳವಾರ ಸಂಜೆ, ಬೋರಯ್ಯ ಮನೆಯ ಹಿಂದಕ್ಕೆ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಕೂಲಿಯವರಲ್ಲಿ ಒಬ್ಬಳಾದ ತಿಪ್ಪಕ್ಕ ಕರ್ಪೂರ ಹಚ್ಚಿ, ಅಡ್ಡಬಿದ್ದು, ಎದ್ದು ನಡೆದಿದ್ದಳು. ಬೋರಯ್ಯ ಓಡಿಬಂದು ಬರಿಗೈಯಲ್ಲಿ ಆರಿಸಿದ್ದ.

ತಿಪ್ಪಕ್ಕನನ್ನು ಬೈಯಲು ಏಕಾಂತಮ್ಮನಿಗೆ ನಾಲಗೆ ಏಳಲಿಲ್ಲ. ಹಿಂದಿನ ತಿಂಗಳು ತಿಪ್ಪಕ್ಕನ ಮಗ ಮಾರಪ್ಪ ನಿಂತಿದ್ದ ಕಡೆಗೇ ಎತ್ತಿನ ಗಾತ್ರದ ಗುಂಡು ಉರುಳಿ ಬಂದು, ಒಂದು ಗೇಣು ಪಕ್ಕಕ್ಕೆ ಹಾದುಹೋಗಿತ್ತು. ಐದು ಮಂಗಳವಾರದ ಹರಕೆ ಅದಕ್ಕೆ. ಆದರೆ ಬೆಂಕಿಯ ಗುರುತು ಕಂಡ ದಿನವೇ ಕಾವಲಿನವನನ್ನು ತೆಗೆದುಹಾಕಬೇಕೆಂದು ದೊಡ್ಡ ಎಂಜಿನಿಯರ ಹುಕುಂ ಇತ್ತು. ಅದಕ್ಕೇ ಈ ಉಜ್ಜಾಟ.

ಉಜ್ಜುತ್ತ ಉಜ್ಜುತ್ತ ಅವಳ ಕಣ್ಣು ನೆಲಕ್ಕೆ ಹೋಯಿತು. ಪೀಪಾಯಿ ಹೊರಗೆ ತರುವಾಗ ಚೆಲ್ಲಿದ ಮದ್ದಿನ ಕಾಳು ಸಾಸಿವೆಯ ಹಾಗೆ ಕರ್ರಗೆ ಬಿದ್ದಿದ್ದವು. ಹೊಸ್ತಿಲಿನಿಂದ ಕಲ್ಲಿನವರೆಗೂ ಇದ್ದವು. ಕರ್ಪೂರ ಉರಿದ ಜಾಗಕ್ಕೂ ಅವಕ್ಕೂ ಒಂದು ಮೊಳ.

ಅಷ್ಟರಲ್ಲಿ ದಾರಿಯಲ್ಲಿ ಪಂಚಾಕ್ಷರಪ್ಪನವರು ಬಂದರು. ಹಿಂದೆ ಬಣ್ಣದ ಕುಡಿಕೆ ಹಿಡಿದು ಜಂಬಣ್ಣ. ಏಕಾಂತಮ್ಮ ನಾರನ್ನು ಸೆರಗಿನಲ್ಲಿ ಅಡಗಿಸಿಕೊಂಡು ಎದ್ದು ನಿಂತಳು.

"ಬೋರಯ್ಯ, ದೊಡ್ಡವರಿಗೆ ಈ ಕಲ್ಲು ಬಲು ಮೆಚ್ಚಿಗೆ ಆಗೈತಪ್ಪ. ಜನ ದೂರದಿಂದ್ಲೇ ಕೈ ಮುಗಿದು ಹೋಗೋದು ನೋಡಿ, ಹೆದರ್ಕಂಡವ್ರೆ ಅಂದ್ರು. ಇಂಥವೇ ಇನ್ನೆರಡು ಬರಸ್ಬೇಕಂತೆ. ಒಂದು ಗಾಡಿ ದಾರಿಗೆ, ಒಂದು ಹಿಂದಿನ ಬಾಗಿಲಿಗೆ."

ಬೋರಯ್ಯ ನೆಲ ನೋಡಿದ. ಜಂಬಣ್ಣ ಹಲ್ಲು ಬಿಟ್ಟ. ಇನ್ನೆರಡು ಕಲ್ಲು, ಇನ್ನೆರಡು ಕಡೆ ಕರ್ಪೂರ. ಏಕಾಂತಮ್ಮ ನೆಲದ ಮೇಲಿನ ಮದ್ದಿನ ಕಾಳುಗಳನ್ನು ಇನ್ನೊಮ್ಮೆ ನೋಡಿದಳು. ಹೇಳಿದರೆ ಗಂಡನ ಕೆಲಸ ಹೋಗುತ್ತದೆ. ಹೇಳದಿದ್ದರೆ, ಮದ್ದು ಸಿಡಿಯುವ ದಿನ ಈ ಕೆಲಸ ಕೊಟ್ಟವರೂ ಈ ಬಾಗಿಲಲ್ಲೇ ನಿಂತಿರುತ್ತಾರೆ.

"ಬ್ಯಾಡ ಬುದ್ಧೀ," ಎಂದಳು. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು.

"ಲೇ, ಸುಮ್ಕಿರು," ಎಂದ ಬೋರಯ್ಯ.

"ಹೆದರ್ಕಂಡು ಕೈ ಮುಗೀತಿಲ್ರಿ ಬುದ್ಧಿ. ಅಮ್ಮ ಅಂತ ಮುಗೀತಾರೆ. ನಿನ್ನೆ ಇಲ್ಲಿ ಕರ್ಪೂರ ಹಚ್ಚಿದ್ರು." ಅವಳು ಸೆರಗಿನಿಂದ ಕಪ್ಪಾದ ನಾರನ್ನು ತೆಗೆದು ತೋರಿಸಿದಳು. "ನಾನು ತಿಕ್ತಾ ಇದ್ದೆ. ನಿಮಗೆ ಕಾಣಬಾರ್ದು ಅಂತ."

ಪಂಚಾಕ್ಷರಪ್ಪನವರು ಬಗ್ಗಿ ಮಸಿಯನ್ನು ಮುಟ್ಟಿದರು. ಪಕ್ಕದಲ್ಲಿದ್ದ ಮದ್ದಿನ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈಯಲ್ಲಿ ಹಾಕಿಕೊಂಡರು.

"ಹಚ್ಚಿದ್ದು ಯಾರು?"

"ಹೆಸರು ಕೇಳಬ್ಯಾಡ್ರಿ ಬುದ್ಧಿ. ಕೆಟ್ಟದ್ ಮಾಡಾಕೆ ಬಂದೋಳಲ್ಲ."

"ಸರಿ, ಕೇಳಲ್ಲ." ಅವರು ಎದ್ದು ಬೋರಯ್ಯನ ಕಡೆ ತಿರುಗಿದರು. "ನಿನ್ ಕೆಲಸ ಎಲ್ಲಿಗೂ ಹೋಗಲ್ಲ, ನಡುಗಬ್ಯಾಡ. ತಪ್ಪು ಕಲ್ಲಿಂದು. ದೊಡ್ಡವರಿಗೆ ನಾನು ಹೇಳ್ಕಂತೀನಿ. ಇವತ್ತು ಈ ತಾಯಿ ಬಾಯಿ ಬಿಡದೇ ಇದ್ದಿದ್ರೆ ನಾವು ಯಾರೂ ಇರ್ತಿರ್ಲಿಲ್ಲ."

ಏಕಾಂತಮ್ಮನ ಕಣ್ಣು ತುಂಬಿ ಬಂತು. ದಿನಾ ಬೆಳಗ್ಗೆ ತಾನು ಯಾರ ಹೆಸರು ಹೇಳಿಕೊಳ್ಳುತ್ತಿದ್ದಳೋ ಅವರ ಬಾಯಲ್ಲಿ ತಾಯಿ ಎನ್ನಿಸಿಕೊಂಡು ಏನು ಮಾಡಬೇಕೋ ತಿಳಿಯದೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹಂಗಾರೆ ಈಗ ಏನ್ ಬರೀಲಿ ಸ್ವಾಮಿ?" ಎಂದ ಜಂಬಣ್ಣ. "ಹಾವು ಬರೀಲಾ?"

"ಹಾವು ಬರದ್ರೆ ಹಾಲು ತರ್ತಾರೆ," ಎಂದರು ಓವರ್ಸಿಯರು.

"ಹುಲಿ?"

"ನೀನು ಬರದ ಹುಲಿ ನೋಡಾಕೆ ಜವನಗೊಂಡನಹಳ್ಳಿಯಿಂದ ಗಾಡಿ ಕಟ್ಕಂಡು ಬರ್ತಾರೆ," ಎಂದ ಬೋರಯ್ಯ. ಕೆಲಸ ಉಳಿದ ಮೇಲೆ ಅವನಿಗೆ ಬಾಯಿ ಬಂದಿತ್ತು.

"ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿಸಿದ್ರೆ?" ಎಂದರು ಪಂಚಾಕ್ಷರಪ್ಪನವರು. "ಅಮ್ಮ ಎದ್ದಿರೋ ಮನೆಗೆ ಯಾರೂ ಕಾಲಿಡಲ್ಲ. ಒಗ್ಗರಣೆ ಕೂಡ ಹಾಕಲ್ಲ."

ಏಕಾಂತಮ್ಮ ಬೇಡವೆಂದು ತಲೆಯಾಡಿಸಿದಳು. "ಸಿಡುಬು ಬಂತು ಅಂತ ಅರ್ಧ ಜನ ಗಂಟುಮೂಟೆ ಕಟ್ತಾರ್ರಿ."

"ಹಂಗಾರೆ ನೀನೇ ಹೇಳಮ್ಮ. ದಿನಾ ಇವರನ್ನ ನೋಡೋಳು ನೀನು."

ಕೂಲಿಗೆ ಬಂದವರೆಲ್ಲ ಹೊಲಗೆಲಸದ ಮನೆಗಳವರು. ಎಷ್ಟೇ ಕುಡಿದಿರಲಿ, ಎಷ್ಟೇ ಮಾತಿನ ಅಮಲಿರಲಿ, ಅಂಥವನು ತಾನಾಗಿ ಚುಟ್ಟ ಆರಿಸುವ ಜಾಗ ಯಾವುದು? ಅವಳಿಗೆ ತವರಿನ ಕಣ ಕಣ್ಣ ಮುಂದೆ ಬಂತು. ಬೇಲಿಯ ಹೊರಗೇ ಚುಟ್ಟವನ್ನು ಕಲ್ಲಿಗೆ ಒತ್ತಿ, ಕಾಲಲ್ಲಿ ಹೊಸಕಿ, ಮತ್ತೊಮ್ಮೆ ತಿರುಗಿ ನೋಡಿ ಒಳಗೆ ಬರುತ್ತಿದ್ದ ಅಪ್ಪ.

"ಬಣವೆ ಬರೀರಿ," ಎಂದಳು. "ಉರಿಯೋ ಬಣವೆ. ಪಕ್ಕದಾಗೆ ಎರಡು ಎತ್ತು ಹಗ್ಗ ಜಗ್ತಾ ಇರ್ಲಿ. ಇಲ್ಲಿ ಬ್ಯಾಡ, ಅಗೋ ಆ ತಿರುವಿನಾಗೆ. ಇಲ್ಲಿಗೆ ಬಂದ ಮ್ಯಾಲೆ ತಿಳಿದು ಏನುಪಯೋಗ?"

ಜಂಬಣ್ಣನ ಹಲ್ಲು ಒಳಗೆ ಹೋಯಿತು. "ಥೂ, ಅದನ್ನ ಹೆಂಗಮ್ಮ ಬರೀಲಿ? ನೋಡ್ದೋರು ಹತ್ರಾನೂ ಸುಳಿಯಾಕಿಲ್ಲ," ಎಂದ.

"ಹಂಗಾದ್ರೆ ಅದೇ ಸರಿ," ಎಂದರು ಪಂಚಾಕ್ಷರಪ್ಪನವರು.

ಐದು ದಿನ ಹಿಡಿಯಿತು. ಜಂಬಣ್ಣ ಗೊಣಗುತ್ತಲೇ ಮೂರು ಹಲಗೆ ಬರೆದ. ಎತ್ತುಗಳ ಕಣ್ಣನ್ನು ಎಷ್ಟು ಚೆನ್ನಾಗಿ ಬರೆದನೆಂದರೆ, ತಿರುವಿನಲ್ಲಿ ಹಲಗೆ ನಿಂತ ಮೊದಲ ದಿನವೇ ಗಾಡಿಯ ದುರುಗಣ್ಣ ಅದನ್ನು ಕಂಡು "ಅಯ್ಯೋ ಶಿವನೇ" ಎಂದು ಬಾಯಲ್ಲಿದ್ದ ಚುಟ್ಟವನ್ನು ತೆಗೆದು ಹೊಸಕಿ, ಅದರ ಮೇಲೆ ಮಣ್ಣನ್ನೂ ಎಳೆದ. ಹೊತ್ತು ಮುಳುಗುವುದರೊಳಗೆ ತಿರುವಿನ ಬದಿಯಲ್ಲಿ ಆರಿದ ಚುಟ್ಟಗಳ ಒಂದು ಗುಡ್ಡೆಯೇ ಆಗಿತ್ತು. ಬೋರಯ್ಯ ಅದನ್ನು ನೋಡಿ ಬಂದು, ಹೆಂಡತಿಯ ಸೊಂಟದಿಂದ ನೀರಿನ ಕೊಡವನ್ನು ತಾನೇ ಇಳಿಸಿಕೊಂಡ.

ಹಳೆಯ ಕಲ್ಲನ್ನು ಸೋಮವಾರ ಕಿತ್ತರು. ಒಳ್ಳೆಯ ಚಪ್ಪಡಿ, ಬಿಸಾಡುವುದು ಯಾಕೆಂದು ಕಟ್ಟೆಗೆ ಹೋಗುವ ಗಾಡಿಗೆ ಹಾಕಿದರು. ಮಧ್ಯಾಹ್ನದೊಳಗೆ ಗಾರೆಯವರು ಅದನ್ನು ಕಟ್ಟೆಯ ಕಲ್ಲುಸಾಲಿನಲ್ಲಿ ಕೂರಿಸಿ, ಗಾರೆ ಸುರಿದು, ಮೇಲೆ ಇನ್ನೊಂದು ಸಾಲು ಎಳೆದಿದ್ದರು.

ಮಂಗಳವಾರ ಸಂಜೆ ತಿಪ್ಪಕ್ಕ ಬಂದಳು. ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ಎಲೆಯಲ್ಲಿ ಹೂವು ಕರ್ಪೂರ ಹಿಡಿದಿದ್ದಳು. ತಿರುವಿನ ಹಲಗೆಯ ಮುಂದೆ ನಿಂತಳು. ಉರಿಯುವ ಬಣವೆಯನ್ನು ನೋಡಿದಳು, ಹಗ್ಗ ಜಗ್ಗುವ ಎತ್ತುಗಳನ್ನು ನೋಡಿದಳು. ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಅಲ್ಲಿಂದಲೇ ಕತ್ತು ನೀಡಿ ಮದ್ದಿನ ಮನೆಯ ಬಾಗಿಲ ಕಡೆ ಕಣ್ಣು ಹಾಯಿಸಿದಳು. ಕಲ್ಲಿದ್ದ ಕಡೆ ಹಸಿ ಮಣ್ಣಿನ ಗುಂಡಿಯಿತ್ತು.

ಪಂಚಾಕ್ಷರಪ್ಪನವರು ಆ ತಿರುವಿನಲ್ಲೇ ಇದ್ದರು. ಜಂಬಣ್ಣ ಕುಂಚ ತೊಳೆಯುತ್ತಿದ್ದ. ಬೋರಯ್ಯ ಇದ್ದ, ಏಕಾಂತಮ್ಮ ಇದ್ದಳು.

"ನನ್ ಮಗನ್ನ ಅಮ್ಮ ಉಳಿಸವ್ಳೆ ಬುದ್ಧಿ," ಎಂದಳು ತಿಪ್ಪಕ್ಕ. "ಹರಕೆ ಇನ್ನೂ ಎರಡು ವಾರ ಬಾಕಿ ಐತೆ. ಇಲ್ಲಿ ಬೆಂಕಿ ಹಚ್ಚಬಾರ್ದು, ಗೊತ್ತಾಯ್ತು, ಹಚ್ಚಲ್ಲ. ಅಮ್ಮನ್ನ ಎಲ್ಲಿ ಕೂರಿಸಿದೀರಿ, ಅಷ್ಟು ಹೇಳ್ರಿ. ಅಲ್ಲಿಗೇ ಹೋಗ್ತೀನಿ."

ಜಂಬಣ್ಣ ಕುಂಚವನ್ನು ನೀರಿನಲ್ಲಿ ಆಡಿಸುತ್ತಲೇ ಇದ್ದ. ಕೆಳಗೆ, ಅಮ್ಮನ ಕಲ್ಲನ್ನು ನುಂಗಿದ ಕಟ್ಟೆಯ ಮೇಲೆ, ಗಾರೆಯವರು ಆ ದಿನದ ಕೊನೆಯ ಸಾಲಿಗೆ ನೀರು ಚಿಮುಕಿಸುತ್ತಿದ್ದರು.

"ಹೇಳ್ರಪ್ಪಾ," ಎಂದಳು ತಿಪ್ಪಕ್ಕ.