ಮೇಲಿನ ನಾಲ್ಕು ಮೆಟ್ಟಿಲು

ಹೆಣದ ಎಡಭುಜದ ಮೇಲೆ ಬಾಂಧವ ಮಂಡಲದ ಬಿಳಿ ಪಟ್ಟಿ ಕೂರಿಸಲು ಚಲುವರಾಜು ಮೂರನೇ ಸಲ ಪ್ರಯತ್ನಪಡುತ್ತಿದ್ದ. ಕುಳ್ಳಯ್ಯನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಭುಜ ಒಂದು ಕಡೆ ಇಳಿದುಹೋಗಿತ್ತು, ಪಟ್ಟಿ ಜಾರಿ ಜಾರಿ ಮಡಿಲಿಗೆ ಬೀಳುತ್ತಿತ್ತು. ಕೊನೆಗೆ ಮಗ ನಾಗಾರ್ಜುನ ಒಳಗಿನಿಂದ ಒಂದು ಪಿನ್ನು ತಂದುಕೊಟ್ಟ.

"ಕೆಂಪಂಚಿಂದು ಇಲ್ವಾ ಬುದ್ಧಿ?" ಎಂದು ಕುಳ್ಳಯ್ಯನ ಹೆಂಡತಿ ಪುಟ್ಟಲಕ್ಷ್ಮಮ್ಮ ಕಾಲ ಬಳಿ ಕುಳಿತವಳು ಕೇಳಿದಳು. ಅಳು ಬೆಳಿಗ್ಗೆಯೇ ಮುಗಿದು, ಗಂಟಲು ಮಾತ್ರ ಒಡೆದಿತ್ತು.

ಚಲುವರಾಜು ಪಿನ್ನು ಚುಚ್ಚುವುದರಲ್ಲೇ ಗಮನವಿಟ್ಟವನಂತೆ ತಲೆ ತಗ್ಗಿಸಿದ. ಕೆಂಪಂಚಿನ ಪಟ್ಟಿ ಮೇಲಂತಸ್ತಿನವರದು ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗಂಡ ಬದುಕಿದ್ದಷ್ಟು ದಿನವೂ ಅದನ್ನೇ ಹೇಳಿರುತ್ತಾನೆ. ಚಲುವರಾಜುವಿನ ಮನೆಯ ಬೀರುವಿನಲ್ಲಿ ಅಂಥದ್ದೊಂದು ಮಡಿಸಿ ಇಟ್ಟಿತ್ತು. ಬರುವಾಗ ಹಾಕಿಕೊಂಡು ಬರಬೇಕಾದದ್ದು ಮಂಡಲದ ಪದ್ಧತಿ, ಆದರೆ ಇವತ್ತು ಕೈ ಬರಲಿಲ್ಲ. ಊರ ಮುಂದಿನ ಮನೆಯಿಂದ ಅರಕೆರೆಯ ಕೇರಿಗೆ ನಡೆದು ಬರುವ ಕಾಲು ಮೈಲಿ ದಾರಿಯಲ್ಲಿ ಎರಡು ಸಲ ನಿಂತಿದ್ದ. ವಯಸ್ಸಾಯಿತಲ್ಲ, ದಣಿವಾರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡರು ನೋಡಿದವರು.

ಅವಳು ಮತ್ತೆ ಮಾತಾಡಿದಳು. ಕೇಳುವುದೋ ಬೇಡವೋ ಎಂದು ಬೆಳಿಗ್ಗೆಯಿಂದ ತೂಗಿದ ಮಾತು ಎಂಬುದು ದನಿಯಲ್ಲೇ ಗೊತ್ತಾಗುತ್ತಿತ್ತು. ಊರಿನವರು, ಅಷ್ಟೇಕೆ ಅವಳ ಒಡಹುಟ್ಟಿದವರೂ, ಕುಳ್ಳಯ್ಯ ಪಟ್ಟಣದಲ್ಲಿ ಮಂಡಲ ನಡೆಯುವ ಬಂಗಲೆಯಲ್ಲಿ ಬಾಗಿಲು ಕಾಯುವ ವಾಚ್‌ಮನ್ನು ಎಂದೇ ತಿಳಿದಿದ್ದರು. ಅಂಚೆ ಇಲಾಖೆಯ ಸಂಬಳ ಸಾಲದೆ ಭಾನುವಾರ ಅಲ್ಲೂ ದುಡಿಯುತ್ತಾನೆ ಎಂದು ಆಡಿಕೊಂಡಿದ್ದರು. ಅವನು ಆಳಲ್ಲ, ಎಲ್ಲರಂತೆ ಪ್ರಮಾಣ ಮಾಡಿ ಸೇರಿದ ಸದಸ್ಯ ಎಂದು ಅವಳು ಹೇಳಿದರೆ ನಗುತ್ತಿದ್ದರು.

"ಗುಂಡಿತಾವ ನೀವು ಒಂದು ಮಾತು ಏಳ್ಬುಡಿ ಬುದ್ಧಿ. ನೀವು ಏಳುದ್ರೆ ನಂಬ್ತಾರೆ. ಅವ್ರ ಎಸ್ರು ಎತ್ತಿದ್ದೋರೇ ನೀವಲ್ವಾ."

ಚಲುವರಾಜು ಆಗಲಿ ಎಂದ. ಬೇರೇನು ಹೇಳಲು ಬರುತ್ತಿತ್ತು?

*

ಬಾಂಧವ ಮಂಡಲ ಶುರುವಾದದ್ದು ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ. ನಾಲೆ ತೋಡಿಸಲು ಬಂದ ಇಂಜಿನಿಯರುಗಳು ಶ್ರೀರಂಗಪಟ್ಟಣದ ಒಂದು ಹಳೆಯ ಬಂಗಲೆ ಹಿಡಿದು, ಜಾತಿ ಮತ ಹೊರಗಿಟ್ಟು ಒಳಗೆ ಬನ್ನಿ ಎಂದು ಕಟ್ಟಿದ ಕೂಟ. ಅದಕ್ಕೆ ಏಳು ಮೆಟ್ಟಿಲು. ಮೊದಲ ಮೂರನ್ನು ಕೆಳಗಿನ ಹಜಾರದಲ್ಲಿ ಏರಬಹುದು. ಸತ್ಯ, ಮೌನ, ಸೇವೆ ಎಂದು ಮೂರು ಪ್ರಮಾಣ ಮಾಡಿದರಾಯಿತು. ಉಳಿದ ನಾಲ್ಕು ಮಹಡಿಯ ಮೇಲೆ. ಅಲ್ಲಿಗೆ ಹೋಗಬೇಕಾದರೆ ಮೊದಲೇ ಅಲ್ಲಿರುವವರು ಕರೆಯಬೇಕು. ಒಬ್ಬನೇ ಒಬ್ಬ ಬೇಡವೆಂದು ಪೆಟ್ಟಿಗೆಗೆ ಕರಿ ಗೋಲಿ ಹಾಕಿದರೂ ಮುಗಿಯಿತು. ಜಾತಿ ಹೊರಗಿಟ್ಟವರಿಗೆ ಈ ಮಹಡಿ ಯಾಕೆ ಬೇಕಾಯಿತೋ, ಕಟ್ಟಿದವರೇ ಹೇಳಬೇಕು.

ಹಜಾರದ ಗೋಡೆಯಲ್ಲಿ ಒಂದು ತೇಗದ ಹಲಗೆ. ಮೇಲೇರಿದ ನಲವತ್ತೊಂದು ಜನರ ಹೆಸರು ಅದರಲ್ಲಿ ಇಸವಿಯ ಸಮೇತ. ಮೊದಮೊದಲು ಇಂಜಿನಿಯರುಗಳು, ಆಮೇಲೆ ಮಾಕವಳ್ಳಿ ಕಡೆಯ ಒಬ್ಬ ಕೆಮಿಸ್ಟು, ನಾಗಮಂಗಲದ ಇಬ್ಬರು ವಕೀಲರು, ಪಾಂಡವಪುರದ ಡಾಕ್ಟರು, ಜಮೀನುದಾರರು. ಮೂವತ್ತೆಂಟನೆಯದು ಚಲುವರಾಜುವಿನ ಹೆಸರು. ಕುಳ್ಳಯ್ಯ ಆ ಹಲಗೆಯನ್ನು ಪ್ರತಿ ತಿಂಗಳೂ ಎಣ್ಣೆ ಹಚ್ಚಿ ಒರೆಸುತ್ತಿದ್ದ. ನಲವತ್ತೊಂದು ಹೆಸರನ್ನೂ ಮೊದಲಿಂದ ಕೊನೆಗೆ, ಬೇಕೆಂದರೆ ಕೊನೆಯಿಂದ ಮೊದಲಿಗೆ, ಒಂದೂ ತಪ್ಪದೆ ಹೇಳುತ್ತಿದ್ದ. ಅಂಚೆ ಪೇದೆಯ ತಲೆ, ವಿಳಾಸ ಮರೆಯುವುದಿಲ್ಲ ಎಂದು ಎಲ್ಲರೂ ನಗುತ್ತಿದ್ದರು.

ಅರವತ್ತೆಂಟರಲ್ಲಿ ಸೇರಿದ್ದ ಅವನು ಒಂದೇ ವರ್ಷಕ್ಕೆ ಮೂರು ಮೆಟ್ಟಿಲು ಮುಗಿಸಿದ. ಆಮೇಲೆ ಅವನಿಗೆ ಸಿಕ್ಕಿದ್ದು ಕತ್ತಿ. ಮಹಡಿಯಲ್ಲಿ ಸಭೆ ನಡೆಯುವಾಗ ಮೆಟ್ಟಿಲ ಬುಡದಲ್ಲಿ ಒಬ್ಬ ಬಾಂಧವ ಮೊಂಡು ಕತ್ತಿ ಹಿಡಿದು ಕಾವಲು ನಿಲ್ಲಬೇಕು. ವರ್ಷಕ್ಕೊಬ್ಬರು ಸರದಿಯಲ್ಲಿ ಮಾಡಬೇಕಾದ ಕೆಲಸವದು. ಕುಳ್ಳಯ್ಯನ ಕೈಗೆ ಬಂದ ಮೇಲೆ ಸರದಿಯ ನೆನಪು ಯಾರಿಗೂ ಆಗಲಿಲ್ಲ. ಹಜಾರದೊಳಗೆ ಅವನು ಚಲುವರಾಜುವನ್ನು "ಬಾಂಧವರೇ" ಎನ್ನುತ್ತಿದ್ದ, ಅದು ನಿಯಮ. ಹೊಸ್ತಿಲು ದಾಟಿ ಅರಕೆರೆಯ ಬಸ್ಸಿಗೆ ನಿಂತರೆ ತಾನಾಗಿ "ಬುದ್ಧಿ" ಬಂದುಬಿಡುತ್ತಿತ್ತು. ಚಲುವರಾಜು ಅದನ್ನು ಒಮ್ಮೆಯೂ ತಿದ್ದಲಿಲ್ಲ.

*

ಶಾಮಿಯಾನದ ಕೆಳಗೆ ರಘುನಂದನ್ ಕುರ್ಚಿಯಲ್ಲಿ ಕುಳಿತಿದ್ದರು. ನಾಲೆ ಇಲಾಖೆಯಿಂದ ನಿವೃತ್ತರಾದ ಇಂಜಿನಿಯರು, ಇಪ್ಪತ್ತು ವರ್ಷದಿಂದ ಮಂಡಲದ ಅಧ್ಯಕ್ಷರು. ಅವರ ವಯಸ್ಸು ಎಂಬತ್ತರ ಹತ್ತಿರ. ಮಂಡಲದಲ್ಲಿ ಈಗ ಉಳಿದಿರುವುದೇ ಐದು ಜನ, ಮಣ್ಣಿಗೆ ಬಂದವರು ಇಬ್ಬರು. ನಾಗಾರ್ಜುನ ಅವರಿಗೆಂದು ಪಕ್ಕದ ಊರಿನ ಹೋಟೆಲಿನಿಂದ ಬಾಟಲಿ ಸೋಡ ತರಿಸಿ ಇಟ್ಟಿದ್ದ. ಮನೆಯ ನೀರು ಕೊಡಲು ಅವನಿಗೆ ಮನಸ್ಸು ಬಂದಿರಲಿಲ್ಲ. ಆ ಸಂಕೋಚ ಅವನಿಗೆ ಯಾರು ಕಲಿಸಿದ್ದು ಎಂದು ಚಲುವರಾಜು ಯೋಚಿಸಿದ.

ಪುಟ್ಟಲಕ್ಷ್ಮಮ್ಮ ಕೇಳಿದ್ದನ್ನು ಅವನು ಅಧ್ಯಕ್ಷರಿಗೆ ಹೇಳಿದ.

ರಘುನಂದನ್‌ಗೆ ಅದೇನೂ ದೊಡ್ಡ ವಿಷಯವಾಗಿ ಕಾಣಲಿಲ್ಲ. ಏಳನೇ ಮೆಟ್ಟಿಲಿನವನು ಎಂದೇ ಹೇಳಿಬಿಡಿ, ಯಾರು ಹೋಗಿ ಹಲಗೆ ನೋಡುತ್ತಾರೆ, ಹೆಂಗಸಿಗೂ ಸಮಾಧಾನ ಎಂದರು. ಮುಂದಿನ ವರ್ಷ ಬಂಗಲೆಯೇ ಇರುತ್ತದೋ ಇಲ್ಲವೋ.

"ಆವತ್ತು ಕರಿ ಗೋಲಿ ಹಾಕಿದ್ದು ನಾನು" ಎಂದ ಚಲುವರಾಜು. ಹದಿನೈದು ವರ್ಷದಲ್ಲಿ ಮೊದಲ ಸಲ ಆ ಮಾತು ಬಾಯಿಂದ ಹೊರಬಿದ್ದಿತ್ತು. ಬಿದ್ದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ.

ರಘುನಂದನ್ ಸೋಡದ ಬಾಟಲಿ ಕೆಳಗಿಟ್ಟರು. "ಗೊತ್ತು ರಾಜು. ನಮಗೆಲ್ಲ ಗೊತ್ತಿತ್ತು. ಒಂದೇ ಊರಿನವರು, ನೀವು ಹೇಗೂ ಕರೀದು ಹಾಕ್ತೀರಿ ಅಂತಾನೇ ನಾವು ಆರೂ ಜನ ಬಿಳೀದು ಹಾಕಿದ್ದು."

*

ಎಂಬತ್ತೊಂದರ ಒಂದು ಭಾನುವಾರ ಸಂಜೆ. ಮಂಡಲದ ಐವತ್ತನೇ ವರ್ಷದ ಊಟ ಮುಗಿದಿತ್ತು. ಊಟದ ಏರ್ಪಾಟೆಲ್ಲ ಕುಳ್ಳಯ್ಯನದೇ. ಎಲ್ಲರೂ ಅವನನ್ನು ಹೊಗಳಿದರು, ಹೊಗಳಿಕೆಯ ರಭಸದಲ್ಲಿ ಚಲುವರಾಜು ಎದ್ದು, ಕುಳ್ಳಯ್ಯನನ್ನು ಮೇಲಕ್ಕೆ ಕರೆಯಬೇಕೆಂದು ನಾನು ಸೂಚಿಸುತ್ತೇನೆ ಎಂದುಬಿಟ್ಟ. ಚಪ್ಪಾಳೆ ಬಿತ್ತು. ಆ ಗಳಿಗೆಯಲ್ಲಿ ಅವನಿಗೆ ತನ್ನ ಬಗ್ಗೆಯೇ ಬಹಳ ಮೆಚ್ಚಿಗೆಯಾಗಿತ್ತು.

ಮೆಟ್ಟಿಲು ಹತ್ತುವಾಗ ಹಿತ್ತಾಳೆ ಬಟ್ಟಲು ನೆನಪಾಯಿತು. ಮೇಲೆ ಹೋದವನು ಒಂದು ದಿನ ಏರಲೇಬೇಕಾದ ಏಳನೆಯ ಮೆಟ್ಟಿಲಿನ ಶಾಸ್ತ್ರದಲ್ಲಿ ಹೊಸಬ ಬಟ್ಟಲಿನಿಂದ ಅರ್ಧ ಹಾಲು ಕುಡಿಯಬೇಕು, ಉಳಿದರ್ಧವನ್ನು ಅವನ ಹೆಸರು ಸೂಚಿಸಿದವನು ಅದೇ ಬಟ್ಟಲಿಗೆ ತುಟಿಯಿಟ್ಟು ಕುಡಿಯಬೇಕು. ಕುಳ್ಳಯ್ಯನ ತಾಯಿ ಬೈರಮ್ಮ ಚಲುವರಾಜುವಿನ ಮನೆಯ ಗದ್ದೆಯಲ್ಲೇ ನಾಟಿ ಮಾಡಿದವಳು. ಬೊಗಸೆಯೊಡ್ಡಿ ನಿಂತ ಅವಳಿಗೆ ಚಲುವರಾಜುವಿನ ಅವ್ವ ಚಿಕ್ಕಬೋರಮ್ಮ ಮೇಲಿಂದ ನೀರು ಹುಯ್ಯುತ್ತಿದ್ದದ್ದನ್ನು ಅವನು ಹುಡುಗನಾಗಿ ದಿನವೂ ನೋಡಿದ್ದ. ಅದರಲ್ಲಿ ತಪ್ಪೇನಾದರೂ ಇದೆ ಎಂದು ಆಗ ಹೊಳೆದಿರಲಿಲ್ಲ. ಈಗ ಹೊಳೆಯುತ್ತಿತ್ತು. ಹೊಳೆದರೂ ಗಂಟಲು ಕೇಳಲೊಲ್ಲದು.

ಮರದ ಪೆಟ್ಟಿಗೆ ಕೈಯಿಂದ ಕೈಗೆ ಬಂತು. ಎಲ್ಲರ ಬಳಿಯೂ ಒಂದು ಬಿಳಿ ಗೋಲಿ, ಒಂದು ಕರಿಯದು. ತನ್ನಂತೆ ಇನ್ನೊಬ್ಬಿಬ್ಬರಾದರೂ ಹಾಕಿಯೇ ಹಾಕುತ್ತಾರೆ, ಗುಂಪಿನಲ್ಲಿ ಹೋಗಿಬಿಡುತ್ತದೆ ಎಂದು ಲೆಕ್ಕ ಹಾಕಿದ. ಪೆಟ್ಟಿಗೆ ತೆರೆದಾಗ ಆರು ಬಿಳಿ, ಒಂದು ಕರಿ.

ಯಾರದೋ ಕೈ ತಪ್ಪಿರಬಹುದು, ಇನ್ನೊಂದು ಸಲ ಹಾಕೋಣ ಎಂದರು ರಘುನಂದನ್. ಅದೂ ನಿಯಮವೇ. ಪೆಟ್ಟಿಗೆ ಮತ್ತೆ ಹೊರಟಿತು. ಕೆಳಗೆ ಮೆಟ್ಟಿಲ ಬುಡದಲ್ಲಿ ಕುಳ್ಳಯ್ಯ ಸಣ್ಣಗೆ ಕೆಮ್ಮಿದ. ಮೊದಲನೆಯದಕ್ಕೆ ಕೈ ತಪ್ಪಿತೆಂದಾದರೂ ಹೇಳಿಕೊಳ್ಳಬಹುದಿತ್ತು. ಎರಡನೆಯ ಸಲ ಚಲುವರಾಜು ಗೋಲಿಯನ್ನು ಬೆರಳಲ್ಲಿ ಹೊರಳಿಸಿ, ಬಣ್ಣ ನೋಡಿಯೇ ಹಾಕಿದ.

ಇಳಿದು ಬಂದು ಸುದ್ದಿ ಹೇಳಬೇಕಾದವನೂ ಅವನೇ. "ಯಾರೋ ಒಬ್ರು ಬ್ಯಾಡ ಅಂದ್ಬುಟ್ರು ಕಣ್ಲಾ ಕುಳ್ಳಯ್ಯ. ಯಾರು ಅಂತ ಗೊತ್ತಾಗ್ಲಿಲ್ಲ."

ಕುಳ್ಳಯ್ಯ ಕತ್ತಿಯನ್ನು ಗೂಟಕ್ಕೆ ನೇತುಹಾಕಿದ. ಎಷ್ಟೋ ಹೊತ್ತು ಅದು ಅಲ್ಲಾಡದಂತೆ ಹಿಡಿದುಕೊಂಡೇ ಇದ್ದ. "ಬುಡಿ ಬುದ್ಧಿ. ಅಷ್ಟು ಜನದ ಮುಂದೆ ನೀವು ನನ್ನೆಸ್ರು ಏಳುದ್ರಲ್ಲ. ನಮ್ಮವ್ವ ಇದ್ದಿದ್ರೆ ಅದ ಕೇಳೇ ಅತ್ಬುಡೋಳು."

ಆ ವರ್ಷದಿಂದ ಪ್ರತಿ ಸಂಕ್ರಾಂತಿಗೂ ಚಲುವರಾಜುವಿನ ಮನೆಯ ಜಗಲಿಗೆ ಒಂದು ಹೊರೆ ಅವರೆಕಾಯಿ ಬರುತ್ತಿತ್ತು. ಕುಳ್ಳಯ್ಯ ಸೈಕಲ್ಲಿನಲ್ಲಿ ತಂದಿಟ್ಟು, ಒಳಗೆ ಕೂಗದೆ ಹೋಗುತ್ತಿದ್ದ. ಮನೆಯವರು ಬಾಯಿ ಚಪ್ಪರಿಸಿ ತಿಂದರು. ಚಲುವರಾಜು ಮಾತ್ರ ಅವರೆಕಾಯಿ ತನಗೆ ವಾಯು ಎಂದು ಹೇಳಿ ಹದಿನೈದು ಸಂಕ್ರಾಂತಿ ಕಳೆದ.

*

ಗುಂಡಿ ತೋಡಿದ್ದು ನಾಲೆ ಏರಿಯ ಪಕ್ಕ, ಕೇರಿಯವರ ಹಳೆಯ ಜಾಗದಲ್ಲಿ. ಏರಿಯಿಂದ ಜಿನುಗುವ ನೀರಿಗೆ ಮಣ್ಣು ಜಿಗುಟಾಗಿತ್ತು. ಹೆಂಗಸರೂ ಬಂದು ಒಂದು ಕಡೆ ನಿಂತರು. ದೇಹವನ್ನು ಇಳಿಸಿದ ಮೇಲೆ ಪುಟ್ಟಲಕ್ಷ್ಮಮ್ಮ ಚಲುವರಾಜುವಿನ ಕಡೆ ನೋಡಿದಳು. ನಾಗಾರ್ಜುನ ಕೈಯೆತ್ತಿ, ಬುದ್ಧಿಯೋರು ಒಂದು ಮಾತು ಹೇಳ್ತಾರೆ ಎಂದು ಎಲ್ಲರನ್ನೂ ಸುಮ್ಮನಿರಿಸಿದ.

ಪಕ್ಕದಲ್ಲಿದ್ದ ರಘುನಂದನ್ ತಗ್ಗಿದ ದನಿಯಲ್ಲಿ, ಪ್ರಮಾಣ ನೆನಪಿರಲಿ, ಮಹಡಿಯ ಮೇಲಿನದು ಕೆಳಗಿಳಿಯಬಾರದು ಎಂದರು. ಏಳನೇ ಮೆಟ್ಟಿಲು ಎಂದು ಹೇಳಿ ಮುಗಿಸುವುದು ಎಷ್ಟು ಸುಲಭವಿತ್ತು. ಹೇಳಿದ್ದರೆ ಆ ಹೆಂಗಸು ಕೈಮುಗಿಯುತ್ತಿದ್ದಳು. ಬರುವ ಸಂಕ್ರಾಂತಿಗೆ ಮಗನೇ ಅವರೆಕಾಯಿ ಹೊತ್ತು ತರುತ್ತಿದ್ದ. ಅದನ್ನು ನೆನೆದೇ ಚಲುವರಾಜುವಿಗೆ ಭಯವಾಯಿತು.

"ಕುಳ್ಳಯ್ಯ ಅಲ್ಲಿ ಆಳಾಗಿರ್ಲಿಲ್ಲ" ಎಂದು ಶುರುಮಾಡಿದ. "ನಮ್ಮಂಗೇ ಸದಸ್ಯ. ನಮಗಿಂತ ಚೆಂದಾಗಿ ನಡ್ಕಂಡ. ಅವನ್ನ ಮೇಲಕ್ಕೆ ಕರೀಬೇಕು ಅಂತ ಆರು ಜನ ಒಪ್ಪಿದ್ರು. ಒಬ್ಬ ಒಪ್ಪಲಿಲ್ಲ. ಎರಡು ಸಲ ಕೇಳುದ್ರೂ ಒಪ್ಪಲಿಲ್ಲ. ಆ ಒಬ್ಬ ನಾನು."

ನಾಗಾರ್ಜುನ ಮುಂದಕ್ಕೆ ಒಂದು ಹೆಜ್ಜೆ ಇಟ್ಟ, ತಾಯಿ ಅವನ ಅಂಗಿ ಹಿಡಿದುಕೊಂಡಳು.

"ಯಾಕೆ?" ಎಂದಳು.

ಸುಳ್ಳು ಹೇಳಲು ಅಲ್ಲೂ ಅವಕಾಶವಿತ್ತು. ಚಲುವರಾಜು ಅವಳ ಕಡೆ ತಿರುಗಿದ. "ಅವನು ಕುಡ್ದಿದ್ದ ಬಟ್ಲಲ್ಲಿ ನಾನು ಕುಡೀಬೇಕಾಗಿತ್ತು, ತಾಯಿ."

ಪುಟ್ಟಲಕ್ಷ್ಮಮ್ಮ ಅವನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಉಪಕಾರವಾಗುತ್ತಿತ್ತು. ಅವಳು ಬಗ್ಗಿ ಗುಡ್ಡೆಯಿಂದ ಮೂರು ಸಲ ಮಣ್ಣು ತೆಗೆದು ಗಂಡನ ಮೇಲೆ ಹಾಕಿದಳು. ಮಗ ಹಾಕಿದ, ನೆಂಟರು ಹಾಕಿದರು, ರಘುನಂದನ್ ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ ಹಿಂದೆ ಸರಿದರು. ಚಲುವರಾಜು ನಿಂತಲ್ಲೇ ನಿಂತಿದ್ದ. ಅವನನ್ನು ಯಾರೂ ಮುಂದೆ ಕರೆಯಲಿಲ್ಲ, ತಡೆಯಲೂ ಇಲ್ಲ.

"ನೀವೂ ಆಕಿ" ಎಂದಳು ಪುಟ್ಟಲಕ್ಷ್ಮಮ್ಮ. ಬುದ್ಧಿ ಎನ್ನಲಿಲ್ಲ.

ಅವನು ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡು ಗುಂಡಿಯ ಅಂಚಿಗೆ ಬಂದ. ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು. ಕೈಚಾಚಿ ಬೆರಳು ಬಿಡಿಸಿದ. ಬೆವರಿದ ಅಂಗೈಗೆ ಹಸಿ ಮಣ್ಣು ಮೆತ್ತಿಕೊಂಡಿತ್ತು, ಬೀಳಲಿಲ್ಲ. ಕೊಡವಿದ, ಆಗಲೂ ಬೀಳಲಿಲ್ಲ. ಕೊನೆಗೆ ಅಲ್ಲೇ ಮೊಣಕಾಲೂರಿ, ಇನ್ನೊಂದು ಕೈಯ ಉಗುರಿನಿಂದ ಅದನ್ನು ಚೂರು ಚೂರಾಗಿ ಕೆರೆದು ಹಾಕತೊಡಗಿದ. ಗುದ್ದಲಿ ಹಿಡಿದವರು ಅವನು ಮುಗಿಸಲೆಂದು ಕಾಯುತ್ತ ನಿಂತರು.